ಪಂಪ್‌ಹೌಸ್‌ನಿಂದಲೇ ಲೇಖನ ಶುರುವಾಗಲಿ

ಪ್ರಿಯ ಲೇಖಕರೇ,

ಕೋಲಾರದಿಂದ ನೀವು ಕಳುಹಿಸಿದ ‘ಫ್ಲ್ಯಾಶ್‌ನಲ್ಲಿ ಸಂಕುಚಿತ ರೂಟ್ ಫೈಲ್‌ಸಿಸ್ಟಮ್’ ಲೇಖನವನ್ನು, ಅಂದರೆ ಚಿಕ್ಕ ಲಿನಕ್ಸ್ ಬೋರ್ಡಿನ ಫ್ಲ್ಯಾಶ್ ಚಿಪ್‌ನಲ್ಲಿ ವ್ಯವಸ್ಥೆಯ ಮೂಲ ಫೈಲುಗಳನ್ನು ಕುಗ್ಗಿಸಿ ಇಡುವ ಬಗೆಯ ಬರಹವನ್ನು, ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅಚ್ಚಿಗೆ ಕೊಡಲಾರೆ. ಕೈಬಿಡಲೂ ಮನಸ್ಸಿಲ್ಲ, ಈ ಕೆಲಸವನ್ನು ಕೈಯಾರೆ ಮಾಡಿದವರು ಕನ್ನಡದಲ್ಲಿ ಬರೆಯುವುದು ಅಪರೂಪ.

ಮೊದಲ ಎರಡು ಪುಟಗಳ ಲಿನಕ್ಸ್ ಇತಿಹಾಸ ಬೇಡ. ಮೂರನೆಯ ಪುಟದ ನಡುವೆ ಒಂದು ವಾಕ್ಯವಿದೆ: ಮಾಲೂರು ಬಳಿಯ ಕೊಳವೆಬಾವಿಯ ಪಂಪ್‌ಹೌಸ್‌ನಲ್ಲಿ ಮೋಟಾರಿನ ಕರೆಂಟ್ ಅಳೆಯುವ ನಿಮ್ಮ ಬೋರ್ಡು, ವಿದ್ಯುತ್ ಹೋಗಿ ಬಂದ ಮೇಲೆ ಕೆಲವೊಮ್ಮೆ ಮತ್ತೆ ಏಳುತ್ತಲೇ ಇರಲಿಲ್ಲ. ಲೇಖನ ಇರುವುದು ಅಲ್ಲಿ. ಪಾಳಿಯಲ್ಲಿ ಮೂರು ಫೇಸ್ ಕೊಡುವ ಊರುಗಳಲ್ಲಿ ಯಾವ ಯಂತ್ರಕ್ಕೂ ಮುನ್ಸೂಚನೆ ಸಿಗುವುದಿಲ್ಲ. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಫೈಲ್‌ಸಿಸ್ಟಮ್ ಕೆಡಬಹುದು. ಕುಗ್ಗಿಸಿದ ಫೈಲುಗಳನ್ನು ಓದಲಷ್ಟೇ ಬಿಡುವ, ಬರೆಯಲು ಅವಕಾಶವೇ ಇಲ್ಲದ ಸ್ಕ್ವಾಶ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ಗೆ ಆ ಭಯವಿಲ್ಲ. 16 ಎಂಬಿ ಫ್ಲ್ಯಾಶ್‌ನಲ್ಲಿ ಜಾಗ ಉಳಿಯುವುದಕ್ಕಿಂತ ಇದು ದೊಡ್ಡ ಕಾರಣ. ನೀವು ಜಾಗದ ಲೆಕ್ಕವನ್ನು ವಿಸ್ತರಿಸಿ ಇದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ.

‘ಜೆಎಫ್‌ಎಫ್‌ಎಸ್2 ಹಳೆಯದು, ಸ್ಕ್ವಾಶ್‌ಎಫ್‌ಎಸ್ ಹೊಸದು, ಆದ್ದರಿಂದ ಉತ್ತಮ’ ಎಂಬ ಮಾತನ್ನು ತೆಗೆದುಹಾಕಿ. ಫ್ಲ್ಯಾಶ್‌ಗೆಂದೇ ಮಾಡಿದ ಫೈಲ್‌ಸಿಸ್ಟಮ್ ಆದ ಜೆಎಫ್‌ಎಫ್‌ಎಸ್2 ಕೂಡ ದತ್ತಾಂಶವನ್ನು ಕುಗ್ಗಿಸಿಯೇ ಇಡುತ್ತದೆ. ಬರೆಯಲೂ ಬಿಡುತ್ತದೆ, ಬರೆದು ಅಳಿಸಿದಂತೆ ಆಗುವ ಸವೆತವನ್ನು ಫ್ಲ್ಯಾಶ್‌ನ ಬ್ಲಾಕುಗಳಿಗೆಲ್ಲ ಹಂಚುತ್ತದೆ. ರೂಟರ್‌ಗಳಿಗೆಂದೇ ಇರುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ ಹಾಕಿದ ಎಷ್ಟೋ ರೂಟರ್‌ಗಳಲ್ಲಿ ಎರಡೂ ಒಂದೇ ಚಿಪ್‌ನಲ್ಲಿವೆ: ಕೆಳಗೆ ಬದಲಾಗದ ಸ್ಕ್ವಾಶ್‌ಎಫ್‌ಎಸ್, ಮೇಲೆ ಜೆಎಫ್‌ಎಫ್‌ಎಸ್2, ಎರಡನ್ನೂ ಒಂದಾಗಿ ತೋರಿಸಲು ಓವರ್‌ಲೇಎಫ್‌ಎಸ್. ಓವರ್‌ಲೇಎಫ್‌ಎಸ್ 2014ರ 3.18 ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಮುಖ್ಯ ಕರ್ನಲ್‌ನಲ್ಲೇ ಇದೆ. ಹಾಗಾದರೆ ನಿಮ್ಮ ಬೋರ್ಡಿನಲ್ಲಿ ಬದಲಾಗುವುದು ಯಾವುದು? ಮೋಟಾರಿಗೆ ಇಟ್ಟ ಮಿತಿಗಳು, ಸಿಮ್‌ನ ಸೆಟ್ಟಿಂಗ್‌ಗಳು. ಅವು ಜೆಎಫ್‌ಎಫ್‌ಎಸ್2ಗೆ ಹೋಗಲಿ. ಕ್ಷಣಕ್ಷಣಕ್ಕೂ ಬೆಳೆಯುವ ಲಾಗ್ ರ‍್ಯಾಮ್‌ನ ತಾತ್ಕಾಲಿಕ ಫೈಲ್‌ಸಿಸ್ಟಮ್ ಆದ ಟಿಎಂಪಿಎಫ್‌ಎಸ್‌ನಲ್ಲಿರಲಿ. ಬೋರ್ಡು ಆರಿದಾಗ ಅದು ಅಳಿಸಿಹೋಗುತ್ತದೆ ಎಂಬುದನ್ನೂ ಬರೆಯಿರಿ. ಓದುಗರಿಗೆ ನಿಮ್ಮಿಂದ ಬೇಕಾದದ್ದು ಈ ಪಾಲು ಮಾಡುವ ಯೋಚನೆ. ಆದೇಶಗಳ ಪಟ್ಟಿ ಅವರಿಗೆ ಬೇರೆಡೆಯೂ ಸಿಗುತ್ತದೆ.

ಆ ಪಟ್ಟಿಯಲ್ಲೂ ಗಂಭೀರ ಲೋಪವಿದೆ. ನೀವು ಹೇಳಿದಂತೆಯೇ ಮಾಡಿದವರ ಬೋರ್ಡು ಬೂಟ್ ಆಗದಿರಬಹುದು. ಇಮೇಜನ್ನು (ಫ್ಲ್ಯಾಶ್‌ಗೆ ಬರೆಯುವ ಇಡೀ ಫೈಲ್‌ಸಿಸ್ಟಮ್‌ನ ಕಡತ) ಎಕ್ಸ್‌ಝಡ್ ಎಂಬ ವಿಧಾನದಿಂದ ಕುಗ್ಗಿಸಿ ಎನ್ನುತ್ತೀರಿ; ಕರ್ನಲ್ ಸಂರಚನೆಯಲ್ಲಿ ಸ್ಕ್ವಾಶ್‌ಎಫ್‌ಎಸ್ ಆರಿಸಿದ ಮೇಲೆ ಎಕ್ಸ್‌ಝಡ್ ಬೆಂಬಲವನ್ನು ಬೇರೆಯಾಗಿ ಆರಿಸಬೇಕು ಎಂಬುದನ್ನು ಬಿಟ್ಟಿದ್ದೀರಿ. ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್ ವೇಳೆ ಮೊದಲು ತೆರೆಯುವ ತಾತ್ಕಾಲಿಕ ರೂಟ್) ಬಳಸದ ನಿಮ್ಮ ವ್ಯವಸ್ಥೆಯಲ್ಲಿ ಸ್ಕ್ವಾಶ್‌ಎಫ್‌ಎಸ್ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ಬಿಡಿ ಭಾಗ) ಆಗಿಯೂ ಇರಕೂಡದು, ಕರ್ನಲ್‌ನೊಳಗೇ ಸೇರಿರಬೇಕು. ಮಾಡ್ಯೂಲ್‌ಗಳಿರುವುದು ಇನ್ನೂ ತೆರೆಯದ ಅದೇ ರೂಟ್ ಫೈಲ್‌ಸಿಸ್ಟಮ್‌ನಲ್ಲಿ. ಹೊಸಬರು ಸೀರಿಯಲ್ ಕನ್ಸೋಲ್‌ನಲ್ಲಿ ಕರ್ನಲ್ ಪ್ಯಾನಿಕ್ (ಕರ್ನಲ್ ಮುಂದುವರಿಯಲಾರದೆ ನಿಂತ ಸಂದೇಶ) ನೋಡಿ, ಫ್ಲ್ಯಾಶ್ ಕೆಟ್ಟಿದೆ ಎಂದುಕೊಂಡು ದಿನವಿಡೀ ಹುಡುಕುತ್ತಾರೆ. ಅವರನ್ನು ಆ ಕಷ್ಟದಿಂದ ತಪ್ಪಿಸುವುದು ಬರೆಯುವವರ ಹೊಣೆ.

ಸ್ಕ್ವಾಶ್‌ಎಫ್‌ಎಸ್ ಒಮ್ಮೆಗೆ ಕುಗ್ಗಿಸುವ ತುಂಡಾದ ಬ್ಲಾಕ್‌ನ ಗಾತ್ರವನ್ನು ಡೀಫಾಲ್ಟ್ ಆದ 128 ಕೆಬಿಯಿಂದ ಗರಿಷ್ಠ 1 ಎಂಬಿಗೆ ಏರಿಸಿದ್ದೀರಿ, ಏಕೆಂದು ಹೇಳಿಲ್ಲ. ದೊಡ್ಡ ಬ್ಲಾಕ್ ಸಾಮಾನ್ಯವಾಗಿ ಹೆಚ್ಚು ಕುಗ್ಗುತ್ತದೆ. ಆದರೆ ಫೈಲಿನ ಸಣ್ಣ ತುಣುಕು ಬೇಕಾದರೂ ಇಡೀ ಬ್ಲಾಕನ್ನು ಬಿಡಿಸಬೇಕು. 32 ಎಂಬಿ ರ‍್ಯಾಮ್‌ಗೆ, ನಿಧಾನದ ಪ್ರೊಸೆಸರ್‌ಗೆ ಅದು ಹೊರೆ. ಜಿಝಿಪ್ ಮತ್ತು ಎಕ್ಸ್‌ಝಡ್ ಎರಡರಲ್ಲೂ ಇಮೇಜ್ ಕಟ್ಟಿ, ಗಾತ್ರವನ್ನೂ ಬೂಟ್ ಸಮಯವನ್ನೂ ಅಳೆದು ಕೊಡಿ. ಅಳೆಯುವವರೆಗೆ ‘ವೇಗದಲ್ಲಿ ವ್ಯತ್ಯಾಸವಿಲ್ಲ’ ಎಂಬ ವಾಕ್ಯಕ್ಕೆ ಜಾಗವಿಲ್ಲ.

ಕೊನೆಯ ‘ನ್ಯಾಂಡ್‌ಗೂ ಇದೇ ವಿಧಾನ’ ಎಂಬ ಸಾಲು ಅಪಾಯಕಾರಿ. ನಾರ್, ನ್ಯಾಂಡ್ ಎರಡೂ ಫ್ಲ್ಯಾಶ್‌ನ ಬಗೆಗಳು; ನಿಮ್ಮದು ನಾರ್ ಫ್ಲ್ಯಾಶ್. ನ್ಯಾಂಡ್ ಚಿಪ್‌ಗಳು ಕಾರ್ಖಾನೆಯಿಂದಲೇ ಕೆಲವು ಕೆಟ್ಟ ಬ್ಲಾಕುಗಳೊಡನೆ ಬರಬಹುದು, ಸ್ಕ್ವಾಶ್‌ಎಫ್‌ಎಸ್‌ಗೆ ಅವುಗಳ ಅರಿವಿಲ್ಲ. ಅಲ್ಲಿ ಕೆಳಗೆ ಕೆಟ್ಟ ಬ್ಲಾಕುಗಳನ್ನು ನಿಭಾಯಿಸುವ ಯುಬಿಐ ಪದರ ಬೇಕು. ಆ ಸಾಲನ್ನು ಅಳಿಸಿ. ನ್ಯಾಂಡ್‌ಗೆ ಬೇರೆ ಲೇಖನವನ್ನೇ ಬರೆಯಬಹುದು.

ತಿದ್ದಿದ ಪ್ರತಿಯೊಡನೆ ಫ್ಲ್ಯಾಶ್‌ನ ವಿಭಾಗಗಳ ನಕ್ಷೆಯನ್ನೂ ಕಳುಹಿಸಿ: ಬೂಟ್‌ಲೋಡರ್, ಕರ್ನಲ್, ರೂಟ್, ದತ್ತಾಂಶ, ಒಂದೊಂದರ ಗಾತ್ರ ಸಮೇತ.