ಸಾಲ ಮಾಡಿ ಕಾಣಿಕೆ ಕೊಡಬೇಕೇ?

ಕ್ರಿಸ್ತನಲ್ಲಿ ಪ್ರಿಯ ಸಹೋದರಿಯವರೇ, ನಿಮಗೆ ವಂದನೆಗಳು.

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ನೀವು ಬರೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ಸಭೆ ಹೊಸ ಆಲಯ ಕಟ್ಟುತ್ತಿದೆ. ಪ್ರತಿ ಕುಟುಂಬವೂ ತ್ಯಾಗದ ಕಾಣಿಕೆ ಕೊಡಬೇಕು ಎಂದು ಪ್ರಸಂಗಗಳಲ್ಲಿ ಹೇಳುತ್ತಿದ್ದಾರೆ. ಬಡ ವಿಧವೆಯ ಕಥೆ ಮತ್ತೆ ಮತ್ತೆ ಬರುತ್ತಿದೆ. ಆರಾಧನೆ ಮುಗಿಯುವಾಗ ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಓದುತ್ತಾರೆ. ನಿಮ್ಮ ಮನೆಯಲ್ಲಿ ತಾಯಿಯ ಔಷಧಿ, ಮಕ್ಕಳ ಓದು, ಹಳೇ ಸಾಲದ ಕಂತು. ಇದ್ದದ್ದರಲ್ಲಿ ಸ್ವಲ್ಪ ಕೊಟ್ಟಿರಿ. ಪಟ್ಟಿಯ ಕೊನೆಯಲ್ಲಿ ನಿಮ್ಮ ಹೆಸರು ಬಂದಾಗ ತಲೆ ತಗ್ಗಿಸಿ ಕೂತಿರಿ. ‘ಸಾಲ ಮಾಡಿಯಾದರೂ ಜಾಸ್ತಿ ಕೊಡಬೇಕಿತ್ತಾ? ನನ್ನ ನಂಬಿಕೆಯೇ ಕಡಿಮೆಯಾ? ಲೆಕ್ಕ ಕೇಳಿದರೆ ದೇವರ ಸೇವಕರಿಗೆ ಎದುರು ಮಾತಾಡಿದ ಹಾಗಾಗುತ್ತದಾ?’ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಸುತ್ತಿ ಬಳಸಿ ಹೇಳುವುದೇನೂ ಇಲ್ಲ. ಸಾಲ ಮಾಡಿ ಕಾಣಿಕೆ ಕೊಡಬೇಡಿ. ಕೊರಿಂಥದ ಸಭೆಗೆ ಕಾಣಿಕೆಯ ಬಗ್ಗೆ ಬರೆಯುವಾಗ ಅಪೊಸ್ತಲ ಪೌಲ ಇದನ್ನು ಬಿಡಿಸಿಯೇ ಹೇಳಿದ್ದಾನೆ. ಮನಸ್ಸಿದ್ದರೆ ಸಾಕು, ಕಾಣಿಕೆಯನ್ನು ದೇವರು ಅಳೆಯುವುದು ನಮ್ಮ ಹತ್ತಿರ ಇರುವುದರ ಲೆಕ್ಕದಲ್ಲಿ, ಇಲ್ಲದ್ದರ ಲೆಕ್ಕದಲ್ಲಿ ಅಲ್ಲ. ಅದು 2 ಕೊರಿಂಥ 8ನೇ ಅಧ್ಯಾಯದ 12ನೇ ವಚನ. ಮುಂದಿನ ವಚನ ಇನ್ನೂ ಸ್ಪಷ್ಟ: ಬೇರೆಯವರಿಗೆ ಹಗುರವಾಗಲಿ, ನಿಮಗೆ ಭಾರವಾಗಲಿ ಎಂಬುದು ನನ್ನ ಆಸೆಯಲ್ಲ, ಸಮಾನತೆ ಇರಲಿ ಎಂಬುದೇ ಆಸೆ ಎನ್ನುತ್ತಾನೆ. ಸಾಲದ ಹಣ ನಿಮ್ಮದಲ್ಲ. ಅದನ್ನು ತೀರಿಸುವುದು ನಿಮ್ಮ ಮಕ್ಕಳ ಪಾಲಿನ ದುಡ್ಡಿನಿಂದ. ಅವರು ಈ ತ್ಯಾಗಕ್ಕೆ ಒಪ್ಪಿಲ್ಲವಲ್ಲ.

‘ಮಕೆದೋನ್ಯದ ಸಭೆಗಳವರು ಶಕ್ತಿ ಮೀರಿ ಕೊಡಲಿಲ್ಲವೇ?’ ಎಂದು ಯಾರಾದರೂ ಕೇಳಬಹುದು. ಕೊಟ್ಟರು, ನಿಜ. ಅದೇ ಅಧ್ಯಾಯದ ಶುರುವಿನಲ್ಲೇ ಇದೆ. ಕಡುಬಡತನದಲ್ಲಿದ್ದ ಆ ಜನ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಕೈಬಿಚ್ಚಿ ಕೊಟ್ಟರು. ಆದರೆ ಅಲ್ಲಿ ಬೇಡಿಕೊಂಡವರು ಯಾರು ಎಂದು ನೋಡಿ. ಪೌಲ ಅವರನ್ನು ಬೇಡಲಿಲ್ಲ. ನಮಗೂ ಇದರಲ್ಲಿ ಪಾಲು ಕೊಡಿ ಎಂದು ಅವರೇ ಪೌಲನನ್ನು ಬೇಡಿಕೊಂಡರು. ಅವರ ಮಾದರಿಯನ್ನು ಕೊರಿಂಥದವರ ಮುಂದೆ ಇಟ್ಟ ಕೂಡಲೇ ಪೌಲ, ‘ಇದನ್ನು ನಾನು ಅಪ್ಪಣೆಯಾಗಿ ಹೇಳುತ್ತಿಲ್ಲ’ ಎಂಬ ಮಾತನ್ನೂ ಸೇರಿಸುತ್ತಾನೆ. ನನಗೆ ಇಡೀ ವಿಷಯ ಇರುವುದು ಇಲ್ಲೇ. ತ್ಯಾಗವನ್ನು ಕೊಡುವವರು ಮಾತ್ರ ತೀರ್ಮಾನ ಮಾಡಬಹುದು. ಇನ್ನೊಬ್ಬರ ಜೇಬಿನಿಂದ ತ್ಯಾಗ ಮಾಡಿಸುವ ಅಧಿಕಾರವನ್ನು ದೇವರು ಯಾರಿಗೂ ಕೊಟ್ಟಿಲ್ಲ, ಸಭಾಪಾಲಕರಿಗೂ ಇಲ್ಲ, ಹಿರಿಯರಿಗೂ ಇಲ್ಲ.

ದಾವೀದನ ಮಾತನ್ನು ಪ್ರಸಂಗಗಳಲ್ಲಿ ತುಂಬಾ ಬಳಸುತ್ತಾರೆ. ಏನೂ ಖರ್ಚಿಲ್ಲದೆ ಸಿಕ್ಕಿದ್ದನ್ನು ನನ್ನ ದೇವರಿಗೆ ಬಲಿಯಾಗಿ ಕೊಡಲಾರೆ ಎಂದನಲ್ಲ, ಆ ಮಾತು. ಅದನ್ನು ಹೇಳಿದವನು ಅರಸ. ಅರೌನ ಎಂಬವನು ಬಲಿಪೀಠಕ್ಕಾಗಿ ತನ್ನ ಕಣ, ಎತ್ತು ಎಲ್ಲವನ್ನೂ ಸುಮ್ನೆ ಕೊಡಲು ಬಂದಾಗ ದಾವೀದ ಒಪ್ಪದೆ 50 ಶೆಕೆಲ್ ಬೆಳ್ಳಿ ಕೊಟ್ಟು ಕೊಂಡ. ತನ್ನ ಬಗ್ಗೆ ತಾನೇ ಆಡಿದ ಮಾತು ಅದು. ಆ ಮಾತನ್ನು ಹೇಳಿ ಪ್ರಜೆಯ ಕೈಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ.

ಈಗ ಆ ವಿಧವೆಯ ಹತ್ತಿರ ಬರೋಣ. ನಿಮ್ಮನ್ನು ಹೆಚ್ಚು ನೋಯಿಸಿದ್ದು ಆ ಕಥೆಯೇ ಅಂತ ಪತ್ರ ಓದಿದರೆ ತಿಳಿಯುತ್ತದೆ.

ಮಾರ್ಕನ ಸುವಾರ್ತೆ 12ನೇ ಅಧ್ಯಾಯದ ಕೊನೆಯಲ್ಲಿ ಯೇಸು ಕಾಣಿಕೆ ಪೆಟ್ಟಿಗೆಯ ಎದುರಿಗೆ ಕೂತು ಜನ ಹಣ ಹಾಕುವುದನ್ನು ನೋಡುತ್ತಿದ್ದಾನೆ. ಆಲಯದಲ್ಲಿ ತುತ್ತೂರಿಯ ಆಕಾರದ 13 ಪೆಟ್ಟಿಗೆಗಳಿದ್ದವು ಎಂದು ಯೆಹೂದ್ಯರ ಹಳೆಯ ನಿಯಮಗ್ರಂಥ ಮಿಷ್ನಾ ಹೇಳುತ್ತದೆ. ಆಗ ನೋಟುಗಳಿಲ್ಲ, ಎಲ್ಲವೂ ನಾಣ್ಯ. ಹಣವಂತರು ತುಂಬಾ ಹಾಕುತ್ತಿದ್ದಾರೆ. ಆಮೇಲೆ ಈಕೆ ಬಂದು ಎರಡು ಚಿಕ್ಕ ಕಾಸು ಹಾಕುತ್ತಾಳೆ. ಎರಡೂ ಸೇರಿದರೆ ಕೂಲಿಯವನ ಒಂದು ದಿನದ ಸಂಬಳದ 64ನೇ ಒಂದು ಪಾಲು. ಬೇಕಿದ್ದರೆ ಒಂದು ಹಾಕಿ ಒಂದನ್ನು ಇಟ್ಟುಕೊಳ್ಳಬಹುದಿತ್ತು. ಎರಡನ್ನೂ ಹಾಕಿದಳು. ಯೇಸು ಶಿಷ್ಯರನ್ನು ಹತ್ತಿರ ಕರೆದು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಈಕೆಯೇ, ಅವರು ತಮಗೆ ಮಿಕ್ಕಿದ್ದರಲ್ಲಿ ಹಾಕಿದರು, ಈಕೆ ತನ್ನ ಜೀವನವನ್ನೇ ಹಾಕಿದಳು ಎಂದ.

ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಈ ಕಥೆ ಶುರುವಾಗುವ ಮುಂಚಿನ ವಚನವನ್ನು ನೋಡಿ. ಉದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳಿಗೆ ಹೆಚ್ಚಿನ ದಂಡನೆ ಆಗುತ್ತದೆ ಎಂದು ಯೇಸು ಆಗಷ್ಟೇ ಹೇಳಿ ಮುಗಿಸಿದ್ದಾನೆ. ಕಥೆ ಮುಗಿದ ಮೇಲಿನ ಎರಡು ವಚನಗಳನ್ನೂ ನೋಡಿ. ‘ಗುರುವೇ, ಎಂಥ ಕಲ್ಲುಗಳು, ಎಂಥ ಕಟ್ಟಡ!’ ಎಂದು ಶಿಷ್ಯನೊಬ್ಬ ಆಲಯವನ್ನು ಹೊಗಳುತ್ತಾನೆ. ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದು ಯೇಸು ಉತ್ತರ ಕೊಡುತ್ತಾನೆ. ಆ ಆಲಯವನ್ನು 46 ವರ್ಷಗಳಿಂದ ಕಟ್ಟುತ್ತಿದ್ದೇವೆ ಎಂದು ಯೋಹಾನನ ಸುವಾರ್ತೆಯಲ್ಲಿ ಯೆಹೂದ್ಯರೇ ಹೇಳುತ್ತಾರೆ. ಕ್ರಿ.ಶ. 70ರಲ್ಲಿ ರೋಮನರು ಅದನ್ನು ಕೆಡವಿದರು. ವಿಧವೆಯರನ್ನು ನುಂಗುವ ಧರ್ಮಗುರುಗಳು ಒಂದು ಕಡೆ, ಉಳಿಯದ ಕಟ್ಟಡ ಇನ್ನೊಂದು ಕಡೆ. ನಡುವೆ ಈ ಹೆಂಗಸು, ಕೈಯಲ್ಲಿ ಕೊನೆಯ ಎರಡು ಕಾಸು.

ಆಕೆಯ ಭಕ್ತಿಯನ್ನು ನಾನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ಕರ್ತನೇ ಮೆಚ್ಚಿದ ಮೇಲೆ ಬೇರೆ ಮಾತೇನಿದೆ? ಆದರೆ ಆಕೆಯನ್ನು ತೋರಿಸಿ ಉಳಿದ ವಿಧವೆಯರ ಹತ್ತಿರ ವಸೂಲಿ ಮಾಡಿ ಎಂದು ಯೇಸು ಶಿಷ್ಯರಿಗೆ ಹೇಳಲಿಲ್ಲ. ಆತ ಅಳೆದದ್ದು ಹಣವಂತರನ್ನು. ಎಷ್ಟು ಹಾಕಿದರು ಅಂತಲ್ಲ, ಹಾಕಿದ ಮೇಲೆ ಎಷ್ಟು ಉಳಿಸಿಕೊಂಡರು ಅಂತ. ಈ ಭಾಗವನ್ನು ಓದಿ ತಲೆ ತಗ್ಗಿಸಬೇಕಾದವರು ಕೊಟ್ಟ ಮೇಲೂ ಏನೂ ಕಡಿಮೆಯಾಗದವರು, ನೀವಲ್ಲ. ಮೊದಲ ಸಭೆಗೆ ಇದು ಅರ್ಥವಾಗಿತ್ತು ಅನಿಸುತ್ತದೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಕೆಲವು ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬರುತ್ತದೆ. ದೂರು ತಂದವರನ್ನು ಯಾರೂ ಗದರಲಿಲ್ಲ. ಆ ಕೆಲಸಕ್ಕೆಂದೇ ಏಳು ಜನರನ್ನು ಆರಿಸಿದರು.

ಆಮೇಲಿನ ಕಾಲದ ಸಭೆಯಲ್ಲೂ ಇದೇ ಕಾಣುತ್ತದೆ. ಸುಮಾರು 197ರಲ್ಲಿ ಕಾರ್ಥೇಜಿನ ಕ್ರೈಸ್ತ ಬರಹಗಾರ ತೆರ್ತುಲ್ಯನ್ ಬರೆದದ್ದು ನನಗೆ ಬಹಳ ಇಷ್ಟ. ನಮ್ಮಲ್ಲೂ ಒಂದು ಪೆಟ್ಟಿಗೆ ಇದೆ, ತಿಂಗಳಿಗೊಮ್ಮೆ ಮನಸ್ಸಿದ್ದವರು, ಆಗುವವರು ಹಾಕುತ್ತಾರೆ, ಬಲವಂತ ಯಾರಿಗೂ ಇಲ್ಲ ಎನ್ನುತ್ತಾನೆ. ಆ ಹಣ ಎಲ್ಲಿಗೆ ಹೋಗುತ್ತದೆ ಎಂದೂ ಹೇಳುತ್ತಾನೆ. ಬಡವರ ಊಟಕ್ಕೆ, ಅವರು ಸತ್ತಾಗ ಮಣ್ಣು ಮಾಡಲು, ತಂದೆತಾಯಿ ಇಲ್ಲದ ಮಕ್ಕಳಿಗೆ, ಮುದಿಯಾಗಿ ಮನೆಯಿಂದ ಹೊರಗೆ ಬರಲಾಗದ ಆಳುಗಳಿಗೆ, ಹಡಗು ಒಡೆದು ಎಲ್ಲ ಕಳೆದುಕೊಂಡವರಿಗೆ, ನಂಬಿಕೆಗಾಗಿ ಸೆರೆಯಲ್ಲಿರುವವರಿಗೆ. ಸುಮಾರು 251ರಲ್ಲಿ ರೋಮಿನ ಸಭೆ 1,500ಕ್ಕಿಂತ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಸಾಕುತ್ತಿತ್ತು ಎಂದು ಅದರ ಬಿಷಪ್ ಕೊರ್ನೇಲಿಯಸ್ ಪತ್ರದಲ್ಲಿ ಬರೆದಿದ್ದಾನೆ. ಅವು ಕ್ರೈಸ್ತರು ಹಿಂಸೆಗೆ ಒಳಗಾದ ದಿನಗಳು. ನಾಲ್ಕನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಅಂಬ್ರೋಸ್ ಸೆರೆಯಾಳುಗಳನ್ನು ಬಿಡಿಸಲು ಸಭೆಯ ಪವಿತ್ರ ಪಾತ್ರೆಗಳನ್ನೇ ಮುರಿಸಿದ. ಟೀಕೆ ಬಂತು. ಚಿನ್ನ ಉಳಿಸುವುದಕ್ಕಿಂತ ಜನರನ್ನು ಉಳಿಸುವುದು ಮೇಲು ಎಂದು ಉತ್ತರ ಕೊಟ್ಟ. ಸದಸ್ಯರಿಂದ ತ್ಯಾಗ ಕೇಳುವ ಸಭೆ ತಾನು ಏನು ಬಿಟ್ಟುಕೊಟ್ಟಿದೆ ಎಂದೂ ತೋರಿಸಬೇಕು, ಅಲ್ವಾ?

ಹಾಗಂತ ಆಲಯ ಕಟ್ಟುವುದು ತಪ್ಪಲ್ಲ. ಮಳೆ ಬಿಸಿಲಿಗೆ ಒಂದು ಸೂರು ಬೇಕು, ಸೇರಿ ಆರಾಧಿಸಲು ಜಾಗ ಬೇಕು. ಅದಕ್ಕೆ ಹಣ ಕೇಳುವುದೂ ತಪ್ಪಲ್ಲ. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರಕ್ಕೆ ಮೋಶೆ ಕೇಳಿದ, ಮನಸ್ಸು ಪ್ರೇರಿಸಿದವರು ತಂದರು. ಎಷ್ಟು ತಂದರೆಂದರೆ ಕೆಲಸಗಾರರೇ ಬಂದು ಬೇಕಾದ್ದಕ್ಕಿಂತ ಜಾಸ್ತಿ ಆಗಿದೆ ಎಂದರು. ಇನ್ನು ಯಾರೂ ತರಬಾರದು ಎಂದು ಮೋಶೆ ಪಾಳೆಯದಲ್ಲೆಲ್ಲ ಸಾರಿಸಿದ. ‘ಸಾಕು’ ಎಂದು ಹೇಳುವ ಆ ಧೈರ್ಯ ನಮ್ಮ ಕಟ್ಟಡ ಸಮಿತಿಗಳಿಗೂ ಬರಲಿ ಎಂದು ನಾನು ನಿಜವಾಗಿಯೂ ಪ್ರಾರ್ಥಿಸುತ್ತೇನೆ.

ಮಲಾಕಿಯ 3:10ನ್ನು, ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು, ತಂದರೆ ಪರಲೋಕದ ದ್ವಾರಗಳು ತೆರೆಯುತ್ತವೆ ಎಂಬ ಮಾತನ್ನು, ನಿಮಗೂ ಹೇಳಿದ್ದಾರೆ. ಅದನ್ನು 5ನೇ ವಚನದಿಂದ ಓದಿ. ಕೂಲಿಯವನ ಸಂಬಳದಲ್ಲಿ ಮೋಸ ಮಾಡುವವರಿಗೆ, ವಿಧವೆಯರನ್ನೂ ಅನಾಥರನ್ನೂ ಹಿಂಸಿಸುವವರಿಗೆ ವಿರುದ್ಧ ಸಾಕ್ಷಿಯಾಗಿ ಬರುತ್ತೇನೆ ಎಂದು ಅದೇ ದೇವರು ಹೇಳುತ್ತಾನೆ. ಧರ್ಮೋಪದೇಶಕಾಂಡ 14ರಲ್ಲಂತೂ ಮೂರು ವರ್ಷಕ್ಕೊಮ್ಮೆ ಕೂಡಿಸುವ ದಶಮಾಂಶದಲ್ಲಿ ದೇವರ ಸೇವೆಗೆ ನೇಮಕವಾದ ಲೇವಿಯರ ಜೊತೆ ಪರದೇಶಿ, ಅನಾಥ, ವಿಧವೆ ಊಟ ಮಾಡಿ ತೃಪ್ತರಾಗಬೇಕು ಎಂದಿದೆ.

ಎರಡನೇ ಪ್ರಶ್ನೆ, ನಂಬಿಕೆ ಕಡಿಮೆಯಾ ಎಂಬುದು. ಮೊತ್ತ ನೋಡಿ ನಂಬಿಕೆ ಅಳೆಯುವ ಕೆಲಸವನ್ನು ಯೇಸು ಎಲ್ಲೂ ಮಾಡಲಿಲ್ಲ. ಹಣವಂತ ಸುಂಕದವನಾದ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ ಎಂದಾಗ, ಉಳಿದರ್ಧ ಎಲ್ಲಿ ಎಂದು ಕೇಳಲಿಲ್ಲ. ಬೇಥಾನ್ಯದಲ್ಲಿ ಒಬ್ಬ ಹೆಂಗಸು 300 ದಿನಗಳ ಕೂಲಿಗಿಂತ ಹೆಚ್ಚು ಬೆಲೆಯ ತೈಲವನ್ನು ಒಂದೇ ಸಲಕ್ಕೆ ಸುರಿದಾಗ, ದಂಡ ಎಂದು ಬೈದವರನ್ನು ತಡೆದ. ‘ತನ್ನಿಂದ ಆಗುವಷ್ಟನ್ನು ಮಾಡಿದ್ದಾಳೆ’ ಎಂದ. ಎರಡು ಕಾಸಿನವಳಿಗೂ ತೈಲದವಳಿಗೂ ಯಾರೂ ಪಟ್ಟಿ ಹಿಡಿದು ಬಂದಿರಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದವನ ಆರಾಧನೆಯಲ್ಲೇ ಮೊತ್ತ ಓದುವುದು ನನ್ನ ಮಟ್ಟಿಗೆ ತಪ್ಪು. ಅದರಲ್ಲಿ ಎರಡು ಕೆಡುಕು ಇದೆ. ಮೊದಲ ಹೆಸರಿನವರಿಗೆ ಹೊಗಳಿಕೆಯ ರುಚಿ ಹತ್ತುತ್ತದೆ, ಕೊನೆಯ ಹೆಸರಿನವರು ಸಭೆಗೆ ಬರಲೇ ಹಿಂಜರಿಯುತ್ತಾರೆ.

ನಿಮ್ಮ ತಾಯಿಯ ಔಷಧಿಯ ವಿಷಯ. ತಂದೆತಾಯಿಗೆ ಕೊಡಬೇಕಾದ್ದನ್ನು ‘ಇದು ಕೊರ್ಬಾನ್, ದೇವರಿಗೆ ಕೊಟ್ಟದ್ದು’ ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕ 7ರಲ್ಲಿ ಖಂಡಿಸಿದ್ದಾನೆ. ನೀವು ಮಾಡುತ್ತಿರುವುದು ಇದಕ್ಕೆ ಪೂರ್ತಿ ಉಲ್ಟಾ. ತಾಯಿಯನ್ನು ನೋಡಿಕೊಳ್ಳುವುದು ನೀವು ಕೊಡುತ್ತಿರುವ ಕಾಣಿಕೆಯೇ. ಅದನ್ನು ಕಾಣಿಕೆಯಿಂದ ಕಳೆದ ಹಣ ಎಂದು ಎಣಿಸಬೇಡಿ.

ಆದರೆ ಕೊಡುವುದನ್ನು ನಿಲ್ಲಿಸಬೇಡಿ. ನೊಂದವರು ಬೇಸರದಲ್ಲಿ ಪೂರ್ತಿ ಕೈ ಬಿಗಿ ಮಾಡಿಕೊಳ್ಳುವುದನ್ನು ನೋಡಿದ್ದೇನೆ, ಅದು ಅವರಿಗೇ ನಷ್ಟ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮಗೆ ಬಂದದ್ದಕ್ಕೆ ತಕ್ಕಂತೆ ತೆಗೆದಿಡಿ ಎಂದು ಪೌಲ ಕೊರಿಂಥದವರಿಗೆ ಹೇಳಿದ. ಚಿಕ್ಕದಾದರೂ ಸರಿ, ಮೊದಲೇ ತೆಗೆದಿಡಿ. ಕಷ್ಟದ ತಿಂಗಳಲ್ಲಿ ಇನ್ನೂ ಕಡಿಮೆ ಇಡಿ. ಒಮ್ಮೊಮ್ಮೆ ನಿಮಗೇ ಬೇಕಾಗಿದ್ದನ್ನು ಬಿಟ್ಟು ಕೊಡಬೇಕು ಎಂದು ಒಳಗಿನಿಂದ ಆಸೆ ಬರಬಹುದು. ಬಂದರೆ ಕೊಡಿ, ಯಾರಿಗೂ ಹೇಳಬೇಡಿ. ಆ ಸಂತೋಷವನ್ನು ನಾಚಿಕೆಯಿಂದ ಕೊಟ್ಟ ದೊಡ್ಡ ಮೊತ್ತ ಯಾವತ್ತೂ ತಂದುಕೊಡಲಾರದು.

ಇನ್ನೊಂದು ಮಾತು, ಇದು ನಿಮಗೆ ಕಷ್ಟ ಅನಿಸಬಹುದು. ನಿಮ್ಮ ಮನೆಯ ಪರಿಸ್ಥಿತಿಯನ್ನು ಸಭೆಗೆ ತಿಳಿಸಿ. ಈಗ ನಿಮ್ಮ ಕೊರತೆಯನ್ನು ಅವರ ಸಮೃದ್ಧಿ ತುಂಬಲಿ, ಮುಂದೆ ಅವರ ಕೊರತೆಯನ್ನು ನಿಮ್ಮ ಸಮೃದ್ಧಿ ತುಂಬಲಿ. ಪೌಲ ಹೇಳಿದ ಸಮಾನತೆ ಅದೇ. ತೆಗೆದುಕೊಳ್ಳಲು ನಾಚುವವರೇ ತುಂಬಿದ ಸಭೆಯಲ್ಲಿ ಕೊಡುವವರಿಗೆ ದಾರಿಯೇ ಇರುವುದಿಲ್ಲ. ಸಹಾಯ ಪಡೆಯಬೇಕಾದವರ ಪಟ್ಟಿ ನಿಮ್ಮ ಸಭೆಯಲ್ಲಿ ಇದೆಯೋ ಇಲ್ಲವೋ ತಿಳಿಯದು. ಇಲ್ಲದಿದ್ದರೆ ಅದು ಶುರುವಾಗಲು ಯಾರಾದರೂ ಒಬ್ಬರು ಬಾಯಿ ಬಿಡಬೇಕು.

ಕೊನೆಯದು ಲೆಕ್ಕ. ಕೇಳಿ, ಧಾರಾಳವಾಗಿ ಕೇಳಿ. ಯೆರೂಸಲೇಮಿಗೆ ಹಣ ಒಯ್ಯಲು ನೀವೇ ಜನರನ್ನು ಆರಿಸಿ, ಅವರನ್ನು ಪತ್ರ ಕೊಟ್ಟು ಕಳುಹಿಸುತ್ತೇನೆ ಎಂದವನು ಪೌಲ. ತನ್ನ ಜೊತೆಗಾರ ತೀತನ ಜೊತೆ ಸಭೆಗಳು ಆರಿಸಿದ ಒಬ್ಬ ಸಹೋದರನನ್ನೂ ಸೇರಿಸಿದ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕಾರಣವನ್ನೂ ಕೊಟ್ಟ. ಅಪೊಸ್ತಲನೇ ಹೀಗೆ ನಡೆದುಕೊಂಡಿರುವಾಗ ಲೆಕ್ಕ ಕೇಳುವುದು ಎದುರು ಮಾತು ಹೇಗಾಗುತ್ತದೆ?

ಕೇಳುವಾಗ ಒಬ್ಬರೇ ಹೋಗಬೇಡಿ. ನಿಮ್ಮನ್ನು ಬಲ್ಲ ಇಬ್ಬರು ಹಿರಿಯರನ್ನು ಕರೆದುಕೊಂಡು, ಆರಾಧನೆಯ ಗದ್ದಲವಿಲ್ಲದ ಹೊತ್ತಿನಲ್ಲಿ ಸಭಾಪಾಲಕರನ್ನು ಭೇಟಿಯಾಗಿ. ಕಟ್ಟಡಕ್ಕೆ ಬಂದ ಹಣ, ಖರ್ಚಾದ ಹಣ, ಬಾಕಿ ಬೇಕಾದ ಹಣ, ಈ ಮೂರನ್ನೂ ಬರೆದು ಸೂಚನಾ ಫಲಕದಲ್ಲಿ ಹಾಕಿಸಿ ಎಂದು ವಿನಂತಿಸಿ. ಬಡವರಿಗಾಗಿ ಈ ವರ್ಷ ಎಷ್ಟು ಎತ್ತಿಟ್ಟಿದ್ದೇವೆ ಎಂದೂ ಕೇಳಿ. ಮೊತ್ತ ಓದುವುದನ್ನು ನಿಲ್ಲಿಸಿ, ಒಟ್ಟು ಎಷ್ಟು ಬಂತು ಎಂದಷ್ಟೇ ಹೇಳಲಿ ಎಂದೂ ಕೇಳಿಕೊಳ್ಳಿ. ತುಂಬಾ ಸಭಾಪಾಲಕರು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಕೇಳಿಸಿಕೊಳ್ಳುತ್ತಾರೆ. ಕಟ್ಟಡದ ಸಾಲ ಅವರ ತಲೆಯ ಮೇಲೂ ಕೂತಿರುತ್ತದೆ. ಅಲ್ಲಿಯವರೆಗೆ ನಿಮ್ಮ ಕಾಣಿಕೆಯನ್ನು ಹೆಸರು ಬರೆಯದ ಕವರಿನಲ್ಲಿ ಹಾಕಿ. ಉತ್ತರ ಏನು ಬಂತು ಎಂದು ನಮಗೂ ಬರೆಯಿರಿ, ತಾಯಿಯವರ ಆರೋಗ್ಯದ ಬಗ್ಗೆಯೂ ತಿಳಿಸಿ.

— ಸಂಪಾದಕ