ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಜುಮ್ ಅನ್ನುತ್ತದೆ, ಮನೆಯಲ್ಲಿ ಅರ್ಥಿಂಗ್ ಇಲ್ಲ. ಬಳಸಬಹುದೇ?

ವಿಜಯಪುರದ ಹಳೇ ಮನೆಯಲ್ಲಿ ಬಾಡಿಗೆ ರೂಮು. ಸಾಕೆಟ್ಟಿಗೆ ಮೂರು ತೂತು ಇವೆ, ಆದರೆ ಅರ್ಥಿಂಗ್ ಇಲ್ಲ ಅಂತ ಮಾಲೀಕರೇ ಹೇಳಿದ್ದಾರೆ. ಚಾರ್ಜಿಗೆ ಹಾಕಿದರೆ ಲ್ಯಾಪ್‌ಟಾಪಿನ ಮೈ ಜುಮ್ ಅನ್ನುತ್ತದೆ. ಲ್ಯಾಪ್‌ಟಾಪ್ ಕೆಟ್ಟಿದೆಯೋ, ಜೀವಕ್ಕೇ ಅಪಾಯವೋ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆಯವನು, ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡುತ್ತೇನೆ. ಈ ಜುಮ್ಮಿನ ಗಿರಾಕಿಗಳು ನನಗೆ ಹೊಸಬರಲ್ಲ.

ಮೊದಲು ಸಮಾಧಾನದ ಮಾತು: ಇದು ಲ್ಯಾಪ್‌ಟಾಪಿನ ರೋಗ ಅಲ್ಲ. ಮೂರು ಪಿನ್ನಿನ ಚಾರ್ಜರ್ ಒಳಗೆ, ಅದರ ವಿದ್ಯುತ್ ಗದ್ದಲ ಲೈನಿಗೆ ಹೋಗದಿರಲಿ ಅಂತ ಎರಡು ಪುಟ್ಟ ಕೆಪಾಸಿಟರ್ (ಕರೆಂಟನ್ನು ಚೂರಷ್ಟೇ ದಾಟಗೊಡುವ ಬಿಡಿಭಾಗ) ಇಟ್ಟಿರುತ್ತಾರೆ. ಒಂದು ಫೇಸಿನಿಂದ (ಕರೆಂಟು ಬರುವ ವಾಯರು), ಇನ್ನೊಂದು ನ್ಯೂಟ್ರಲ್‌ನಿಂದ (ಅದು ಮರಳುವ ವಾಯರು) ಬಂದು ಅರ್ಥ್ ಪಿನ್ನಿನಲ್ಲಿ ಕೂಡುತ್ತವೆ. ಅರ್ಥ್ ಇದ್ದರೆ ಅಲ್ಲಿಗೆ ಬಂದ ಚೂರುಪಾರು ಕರೆಂಟು ಮಣ್ಣಿಗೆ ಹೋಯಿತು. ಇಲ್ಲದಿದ್ದರೆ ಆ ನಡುವಿನ ಜಾಗ 230 ವೋಲ್ಟಿನ ಅರ್ಧಕ್ಕೆ, ಸುಮಾರು 115ಕ್ಕೆ ನಿಂತುಬಿಡುತ್ತದೆ. ಲ್ಯಾಪ್‌ಟಾಪಿನ ಲೋಹದ ಮೈಗೂ ಆ ಜಾಗಕ್ಕೂ ಸಾಮಾನ್ಯವಾಗಿ ನೇರ ಸಂಬಂಧ. ವೋಲ್ಟ್ ಅಳೆಯುವ ಮೀಟರಿನಲ್ಲಿ 90, 100 ಕಂಡು ಜನ ಗಾಬರಿ ಆಗುತ್ತಾರೆ, ಆದರೆ ಹರಿಯುವುದು ಒಂದು ಮಿಲಿಆಂಪಿಯರ್‌ಗೂ ಕಡಿಮೆ. ಫರ್ಸಿ ಮೇಲೆ ಬರಿಗಾಲಲ್ಲಿ ಕೂತರೆ ಜೋರು, ಮಂಚದ ಮೇಲೆ ಕಾಲೆತ್ತಿಕೊಂಡರೆ ಮಾಯ. ಬೆರಳು ಒತ್ತಿದರೆ ಗೊತ್ತಾಗದ್ದು, ಹಗುರಾಗಿ ಸವರಿದರೆ ಗರಗರ ಅನ್ನುತ್ತದೆ. ಚಾರ್ಜಿಗೆ ಹಾಕಿದಾಗಷ್ಟೇ ಟಚ್‌ಪ್ಯಾಡಿನ ಬಾಣ ತಾನೇ ಕುಣಿಯುತ್ತಿದ್ದರೆ ಅದಕ್ಕೂ ಕಾರಣ ಬಹುಶಃ ಇದೇ. ಚಾರ್ಜರ್ ತೆಗೆದ ಕೂಡಲೇ ಎಲ್ಲ ನಿಲ್ಲಬೇಕು.

ಇಲ್ಲಿಗೆ ನಿಲ್ಲಿಸಿ "ಏನೂ ಆಗಲ್ಲ, ಬಳಸಿ" ಅನ್ನುವವರು ಬಹಳ. ನಾನು ಅನ್ನುವುದಿಲ್ಲ. ಭಯ ಲ್ಯಾಪ್‌ಟಾಪಿನದಲ್ಲ, ಅದರ ಪಕ್ಕ ಚುಚ್ಚಿದ ಸಾಮಾನಿನದು.

ಒಂದು ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅಳಿಯ ಬಂದು "ಮಾಮಾ, ಲ್ಯಾಪ್‌ಟಾಪ್ ಇವತ್ತ ಭಾಳ ಹೊಡ್ಯಾಕತ್ತೈತಿ" ಅಂದ. ದಿನಾ ಜುಮ್ ಅನ್ನುವುದು ಅವನಿಗೆ ರೂಢಿಯಾಗಿತ್ತು, ಅದಕ್ಕೇ ಆ "ಭಾಳ" ನನ್ನ ಕಿವಿಗೆ ಬಿತ್ತು. ಮೀಟರ್ ಹಿಡಿದರೆ 220 ಚಿಲ್ಲರೆ. ಅದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ತಗಡಿನ ಏರ್ ಕೂಲರ್ ಇತ್ತು. ಅದರ ಪ್ಲಗ್ ಕಿತ್ತೆ, 100ಕ್ಕೆ ಇಳಿಯಿತು. ಕೂಲರಿನ ನೀರೆತ್ತುವ ಪಂಪಿನ ಮೋಟಾರಿಗೆ ನೀರು ಇಳಿದು ಫೇಸು ಮೈಗೆ ಬಂದಿತ್ತು. ಎಕ್ಸ್‌ಟೆನ್ಷನ್ ಬೋರ್ಡಿನ ಮೂರನೇ ತೂತುಗಳೆಲ್ಲ ಒಳಗೆ ಒಂದೇ ಪಟ್ಟಿಗೆ ಸೇರಿರುತ್ತವೆ. ಆ ಪಟ್ಟಿ ಮಣ್ಣಿಗೆ ಸೇರದಿದ್ದರೆ ಕೂಲರಿನ ಪಾಪ ಲ್ಯಾಪ್‌ಟಾಪಿಗೆ ಬರುತ್ತದೆ, ಈ ಸಲ ಜುಮ್ ಆಗಿ ಅಲ್ಲ, ಪೂರಾ ಹೊಡೆತವಾಗಿ. ಹುಡುಗನ ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದವು, ಪುಣ್ಯ. ಸಾಕೆಟ್ ಬಿಚ್ಚಿದರೆ ಅರ್ಥಿನ ಹಸಿರು ವಾಯರು ಡಬ್ಬಿಯೊಳಗೇ ಸುರುಳಿ ಸುತ್ತಿಕೊಂಡು ಕೂತಿತ್ತು, ಎಲ್ಲಿಗೂ ಹೋಗಿರಲಿಲ್ಲ.

ಹಾಗಾಗಿ ಇವತ್ತೇ ಮಾಡಬೇಕಾದದ್ದು: ಲ್ಯಾಪ್‌ಟಾಪಿಗೆ ಬೇರೆ ಬೋರ್ಡು. ಕೂಲರ್, ಫ್ರಿಜ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು ಯಾವುದೂ ಅದರ ನೆರೆಯಲ್ಲಿ ಬೇಡ. ಗೋಡೆಯ ಸಾಕೆಟ್ಟುಗಳ ಹಸಿರು ವಾಯರೂ ಒಂದಕ್ಕೊಂದು ಕೂಡಿರಬಹುದು, ಅದಕ್ಕೇ ಸಾಧ್ಯವಾದಷ್ಟು ಬ್ಯಾಟರಿ ಮೇಲೆ ಕೆಲಸ ಮಾಡಿ, ಚಾರ್ಜಿಗೆ ಹಾಕಿ ಎದ್ದುಹೋಗಿ. ನಿಮ್ಮ ಲ್ಯಾಪ್‌ಟಾಪಿಗೆ ಒಪ್ಪುವ, ಕಂಪನಿಯದೇ ಎರಡು ಪಿನ್ನಿನ ಚಾರ್ಜರ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಮೇಲೆ ಚೌಕದೊಳಗೊಂದು ಚೌಕದ ಗುರುತು (ಅರ್ಥ್ ಬೇಡದ ಡಬಲ್ ಇನ್ಸುಲೇಷನ್ ಅಂತ) ಇರಬೇಕು. ಸಣ್ಣ ಜುಮ್ ಅದರಲ್ಲೂ ಇರಬಹುದು, ಆದರೆ ಆ ಮೂರನೇ ತೂತಿನ ಪಟ್ಟಿಯ ಸಹವಾಸವೇ ಅದಕ್ಕಿಲ್ಲ. ಅಗ್ಗದ ಡೂಪ್ಲಿಕೇಟ್ ಚಾರ್ಜರ್ ಮಾತ್ರ ಬೇಡ್ರಿ. ಟಿವಿಗೆ ಎಚ್‌ಡಿಎಂಐ ವಾಯರ್ ಹಾಕುವುದಿದ್ದರೆ ಚಾರ್ಜರ್ ತೆಗೆದು ಹಾಕಿ. ಆ ಸಣ್ಣ ಕಿಡಿಗೆ ಪೋರ್ಟು ಸುಡುವುದುಂಟು. ಸ್ಪೈಕ್ ಗಾರ್ಡ್ (ವೋಲ್ಟ್ ಒಮ್ಮೆಲೇ ಜಿಗಿದರೆ ತಡೆಯುವ ಬೋರ್ಡು) ಅರ್ಥ್ ಇಲ್ಲದೆ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ, ಗುಡುಗು ಕೇಳಿದರೆ ಪ್ಲಗ್ ಕಿತ್ತುಬಿಡಿ.

ಇನ್ನು, ಅರ್ಥ್ ಮಾಡಿಕೊಡುತ್ತೇನೆ ಅಂತ ಬಂದ ವಾಯರ್‌ಮನ್ ಮೂರನೇ ತೂತಿಗೂ ನ್ಯೂಟ್ರಲ್‌ಗೂ ಒಂದು ತುಂಡು ವಾಯರ್ ಹಾಕಿ ಹೋಗಬಹುದು. ಜುಮ್ ನಿಂತುಬಿಡುತ್ತದೆ, ಎಲ್ಲರಿಗೂ ಖುಷಿ. ಆದರೆ ಕಂಬದಲ್ಲೋ ಮನೆಯ ಕರೆಂಟ್ ಮೀಟರಿನಲ್ಲೋ ನ್ಯೂಟ್ರಲ್ ಸಡಿಲಾದ ದಿನ, ಹಚ್ಚಿದ ಬಲ್ಬಿನ ಮೂಲಕ ಫೇಸು ಬಂದು ಮನೆಯ ಪ್ರತಿ ಸಾಮಾನಿನ ಮೈಮೇಲೆ ಕೂರುತ್ತದೆ. ಅದಕ್ಕಿಂತ ಅರ್ಥ್ ಇಲ್ಲದಿರುವುದೇ ವಾಸಿ.

ಟೆಸ್ಟರನ್ನೂ ನಂಬಬೇಡಿ. ಮೂರನೇ ತೂತಿಗೆ ಚುಚ್ಚಿ "ಹತ್ತಲಿಲ್ಲ, ಅರ್ಥ್ ಚಲೋ ಐತಿ" ಅನ್ನುತ್ತಾರೆ. ವಾಯರೇ ಇಲ್ಲದಿದ್ದರೂ ಅದು ಹತ್ತುವುದಿಲ್ಲ. ಗೊತ್ತಿರುವವರ ಕೈಯಲ್ಲಿ 100 ವ್ಯಾಟಿನ ಬಲ್ಬನ್ನು ಫೇಸಿಗೂ ಅರ್ಥಿಗೂ ನಡುವೆ ಹಚ್ಚಿಸಿ ನೋಡಿ, ಮಾಮೂಲಿನಷ್ಟೇ ಬೆಳಕು ಬರಬೇಕು. ಅದಕ್ಕೂ ಮೊದಲು ಮನೆಯ ಎಲ್ಲ ಪ್ಲಗ್ಗು ತೆಗೆಸಿರಬೇಕು; ಅರ್ಥ್ ಸುಳ್ಳಾಗಿದ್ದರೆ ಆ ಬಲ್ಬೇ ಎಲ್ಲದರ ಮೈಗೆ ಕರೆಂಟು ಕಳಿಸುತ್ತದೆ.

ಮಾಲೀಕರ ಹತ್ತಿರ ಎರಡು ಕೇಳಿ. ಒಂದು, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು. ಅರ್ಥ್ ಇಲ್ಲದ ಮನೆಯಲ್ಲೂ ಕರೆಂಟು ನಿಮ್ಮ ಮೈಯಿಂದ ನೆಲಕ್ಕೆ ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುತ್ತದೆ. ಹೊಡೆತ ಗೊತ್ತಾಗುತ್ತದೆ, ಜೀವ ಉಳಿಯುವ ಸಂಭವ ಹೆಚ್ಚು. ಎರಡು, ಅರ್ಥ್ ಗುಂಡಿ: ಎರಡೂವರೆ ಮೀಟರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಸುತ್ತ ಇದ್ದಿಲು, ಉಪ್ಪು. ನಮ್ಮ ಎರಿ (ಕಪ್ಪು) ಮಣ್ಣು ತೇವ ಇದ್ದಾಗ ಅರ್ಥಿಗೆ ಬಂಗಾರ, ಏಪ್ರಿಲ್-ಮೇನಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಸುರಿಯಬೇಕು. ಒಣಗಿ ಗುಂಡಿಯ ತಡೆ 50 ಓಮಿಗೆ ಏರಿತು ಅನ್ನಿ, ಫೇಸು ಮೈಗೆ ಬಂದರೂ ಹರಿಯುವುದು 230 ಭಾಗ 50, ಅಂದರೆ 4.6 ಆಂಪಿಯರ್. ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು) ಅದಕ್ಕೆ ಕದಲುವುದೂ ಇಲ್ಲ. ಅದಕ್ಕೇ ಆರ್‌ಸಿಸಿಬಿ ಮೊದಲು ಕೇಳಿ ಅಂದದ್ದು.

ಮಾಲೀಕರು ಒಪ್ಪದಿದ್ದರೆ ನಿಮ್ಮ ರೂಮಿನ ಲೈನಿಗಷ್ಟೇ ಆರ್‌ಸಿಸಿಬಿ ಕೂಡಿಸಿಕೊಳ್ಳಲು ಪರವಾನಗಿ ಕೇಳಿ, ರೂಮು ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಬಲ್ಬಿನ ಪರೀಕ್ಷೆ ಮಾಡಿಸಿದರೆ ಬೆಳಕು ಹೇಗಿತ್ತು ಅಂತ ಇಲ್ಲೇ ಬರೆಯಿರಿ, ಮುಂದಿನದು ಹೇಳುತ್ತೇನೆ.