ಎಷ್ಟು ಜನ ಹಾರಿದರು ಅಂತ ಮಾತ್ರ ಕೇಳಬೇಡಿ

ಬಂಟ್ವಾಳದ ಓದುಗರೊಬ್ಬರ ಪತ್ರ: "ಮಂಗಳೂರು ವಿಮಾನ ನಿಲ್ದಾಣದ ಪ್ರಯಾಣಿಕರ ಲೆಕ್ಕ ಒಂದು ವರ್ಷ ಏರುತ್ತದೆ, ಇನ್ನೊಂದು ವರ್ಷ ಇಳಿಯುತ್ತದೆ. ಏರಿದಾಗ ಊರು ಉದ್ಧಾರವಾಯಿತು ಅಂತ ಬರೆಯುತ್ತೀರಿ. ಇಳಿದಾಗ ಸುಮ್ನಿರುತ್ತೀರಿ. ಇದೆಲ್ಲ ದುಡ್ಡಿದ್ದವರ ವಿಷಯ. ಸರಕು ಸಾಗಣೆಯಂತೂ ಲೆಕ್ಕಕ್ಕೇ ಇಲ್ಲ. ವಿಮಾನ ನಿಲ್ದಾಣಕ್ಕೆ ಸುರಿಯುವ ಹಣವನ್ನು ರೈಲಿಗೆ, ಬಸ್ಸಿಗೆ ಹಾಕಬಾರದೇ?"

ಸಂಪಾದಕರ ಉತ್ತರ:

ರೈಲು, ಬಸ್ಸು ಮೊದಲು ಅನ್ನುವುದನ್ನು ಒಪ್ಪುತ್ತೇನೆ. ಮಳೆಗಾಲ ಬಂದರೆ ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೋ ಅಂತ ಕಾಯುವ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬೇರೆ ಮಾತಿಲ್ಲ. ಆದರೆ ನಿಮ್ಮ ಪತ್ರದ ಉಳಿದ ಮಾತುಗಳಿಗೆ ನನ್ನ ತಕರಾರಿದೆ. ಅದರಲ್ಲೂ "ಸರಕು ಲೆಕ್ಕಕ್ಕೇ ಇಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸಿದಿರಲ್ಲ, ಅದು ನನಗೆ ನೋವು ತಂದಿತು.

ಮೊದಲು ಏರಿಳಿತದ ಮಾತು. ಬಜ್ಪೆಯಲ್ಲಿ ವಿಮಾನ ನಿಲ್ದಾಣ ಶುರುವಾಗಿದ್ದು 1951ರ ಡಿಸೆಂಬರ್ 25ರಂದು. ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದರು. ಆಮೇಲೆ ಅರ್ಧ ಶತಮಾನ ಅದೇ ಚಿಕ್ಕ ರನ್‌ವೇ. ಗಲ್ಫ್‌ನಲ್ಲಿದ್ದ ನಮ್ಮವರು ಊರಿಗೆ ಬರಬೇಕಾದರೆ ಮುಂಬೈಯಲ್ಲಿ ಇಳಿದು, ಅಲ್ಲಿಂದ ಬಸ್ಸೋ ರೈಲೋ ಇನ್ನೊಂದು ವಿಮಾನವೋ ಹಿಡಿಯಬೇಕಿತ್ತು. 2006ರಲ್ಲಿ 2,450 ಮೀಟರಿನ ಎರಡನೇ ರನ್‌ವೇ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದುಬೈಗೆ ನೇರ ವಿಮಾನ ಹೊರಟಿತು. ಹೋಗಬೇಕೆನ್ನುವ ಜನ ಮೊದಲೂ ಇದ್ದರು. ನೇರ ವಿಮಾನ ಇರಲಿಲ್ಲ, ಅಷ್ಟೆ.

2018-19ರಲ್ಲಿ ಪ್ರಯಾಣಿಕರ ಸಂಖ್ಯೆ 22 ಲಕ್ಷ ದಾಟಿತು. ಮರುವರ್ಷ 19 ಲಕ್ಷಕ್ಕಿಂತ ಕೆಳಗೆ ಬಂತು. ನೀವು ಕೇಳುತ್ತಿರುವುದು ಇದನ್ನೇ ಅಲ್ವಾ? ಆ ವರ್ಷ ಏನಾಯಿತು ನೋಡಿ. 2018ರ ಡಿಸೆಂಬರ್‌ನಲ್ಲಿ ಕಣ್ಣೂರಿನಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಮಂಗಳೂರಿಗೆ ಬರುತ್ತಿದ್ದ ಕಾಸರಗೋಡಿನ ಎಷ್ಟೋ ಮಂದಿ ಆ ಕಡೆ ತಿರುಗಿದರು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಮುಚ್ಚಿತು. ಅದರ ವಿಮಾನಗಳು ಒಮ್ಮೆಗೇ ಇಲ್ಲವಾದವು. ಹಿಂದೆಯೇ ಕೊರೊನಾ ಬಂತು. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ವಿಮಾನಗಳೇ ಹಾರಲಿಲ್ಲ. 2023ರಲ್ಲಿ ರನ್‌ವೇಗೆ ಹೊಸ ಡಾಂಬರು ಹಾಕಲು ತಿಂಗಳುಗಟ್ಟಲೆ ಹಗಲು ಹೊತ್ತು ಮುಚ್ಚಿದರು. ಇಷ್ಟಾದರೂ 2024-25ರಲ್ಲಿ ಲೆಕ್ಕ 23 ಲಕ್ಷ ದಾಟಿದೆ. ಇದರಲ್ಲಿ ಎಲ್ಲಿಯಾದರೂ ಜನರಿಗೆ ವಿಮಾನ ಬೇಡವಾಯಿತೇ? ಇಲ್ಲ. ವಿಮಾನ ಕಮ್ಮಿಯಾದಾಗ ಪ್ರಯಾಣಿಕರು ಕಮ್ಮಿಯಾದರು. (ಇನ್ನೊಂದು ವಿಷಯ. ದುಬೈಗೆ ಹೋಗಿ ಬಂದವರನ್ನು ಈ ಲೆಕ್ಕದಲ್ಲಿ ಎರಡು ಸಲ ಎಣಿಸುತ್ತಾರೆ. 23 ಲಕ್ಷ ಅಂದರೆ 23 ಲಕ್ಷ ಬೇರೆ ಬೇರೆ ಮನುಷ್ಯರಲ್ಲ.)

ಬೆಳಗಾವಿಯ ಕಥೆ ಕೇಳಿ. ಸಾಂಬ್ರಾದಲ್ಲಿ 2017ರಲ್ಲಿ ಹೊಸ ಟರ್ಮಿನಲ್ ಕಟ್ಟಿದರು. 2018ರಲ್ಲಿ ಸ್ಪೈಸ್‌ಜೆಟ್ ತನ್ನ ವಿಮಾನಗಳನ್ನು ಹುಬ್ಬಳ್ಳಿಗೆ ಒಯ್ದಿತು. ಸಣ್ಣ ಊರುಗಳಿಗೆ ವಿಮಾನ ತರಿಸುವ ಕೇಂದ್ರದ ಉಡಾನ್ ಯೋಜನೆಯ ಸಹಾಯಧನ ಆಗ ಇದ್ದದ್ದು ಹುಬ್ಬಳ್ಳಿಗೆ, ಬೆಳಗಾವಿಗೆ ಇರಲಿಲ್ಲ. ಹುಬ್ಬಳ್ಳಿ ಏರಿತು, ಬೆಳಗಾವಿ ಇಳಿಯಿತು. 2019ರಲ್ಲಿ ಬೆಳಗಾವಿಯೂ ಉಡಾನ್‌ಗೆ ಸೇರಿದ ಮೇಲೆ ಮತ್ತೆ ಚೇತರಿಸಿಕೊಂಡಿತು. ಬೆಳಗಾವಿಯ ವ್ಯಾಪಾರಿಗೆ ಮುಂಬೈಯಲ್ಲಿ ಇರುವ ಕೆಲಸ ಈ ಎರಡು ವರ್ಷಗಳಲ್ಲಿ ಕಮ್ಮಿಯೂ ಆಗಲಿಲ್ಲ, ಜಾಸ್ತಿಯೂ ಆಗಲಿಲ್ಲ.

ಮೈಸೂರಿನದು ಇನ್ನೂ ಬೇಸರದ ಸಂಗತಿ. ಮಂಡಕಳ್ಳಿ ರನ್‌ವೇ ಬರೀ 1,740 ಮೀಟರ್. ಎಟಿಆರ್‌ನಂಥ ಚಿಕ್ಕ ವಿಮಾನ ಬಿಟ್ಟರೆ ಬೇರೆ ಇಳಿಯುವಂತಿಲ್ಲ. 2010ರಲ್ಲಿ ಕಿಂಗ್‌ಫಿಷರ್ ಬಂತು, ಮರುವರ್ಷ ಹೋಯಿತು. ಆಮೇಲೆ ಒಬ್ಬರು ಬಂದರು, ಅವರೂ ಹೋದರು. ಈಗ ದಶಪಥ ಹೆದ್ದಾರಿ ಇದೆ, ಮೈಸೂರಿನಿಂದ ನೇರ ದೇವನಹಳ್ಳಿಗೆ ಕೆಎಸ್ಆರ್‌ಟಿಸಿಯ ಫ್ಲೈಬಸ್ ಇದೆ. ಜನ ಅಲ್ಲೇ ಹೋಗಿ ವಿಮಾನ ಹತ್ತುತ್ತಾರೆ. ಅವರನ್ನು ದೂರಿ ಏನು ಪ್ರಯೋಜನ?

ಉಡಾನ್ ಬಗ್ಗೆ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ, 2023ರಲ್ಲಿ ಕೊಟ್ಟ ವರದಿಯನ್ನು ನೀವು ಓದಲೇಬೇಕು. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ ಮಾರ್ಗಗಳು 774. ಶುರುವಾದವು 371. ಸಹಾಯಧನ ಸಿಗುವ ಮೂರು ವರ್ಷ ಪೂರ್ತಿ ಓಡಿದವು 112. ಆಮೇಲೂ ಉಳಿದವು 54. ಇದನ್ನು ಓದಿ ಕೆಲವರು "ನೋಡಿ, ಸಣ್ಣ ಊರಿಗೆ ವಿಮಾನ ಬೇಡ" ಅನ್ನುತ್ತಾರೆ. ನಾನು ಹಾಗೆ ಓದುವುದಿಲ್ಲ. ಒಂದು ಮಾರ್ಗ ಊರಿಗೆ ರೂಢಿಯಾಗಲು ಮೂರು ವರ್ಷ ಸಾಲದು. ಅಷ್ಟರಲ್ಲಿ ಸಹಾಯಧನ ನಿಂತು ವಿಮಾನವೂ ಹೋಗುತ್ತದೆ. ಇನ್ನೊಂದು ಮುಖ್ಯ ವಿಷಯ: ಆ ಸಹಾಯಧನ ಕೊಡುವುದು ಸೀಟಿನ ಲೆಕ್ಕದಲ್ಲಿ. ಸರಕಿಗೆ ಅಲ್ಲ.

ಈಗ ಸರಕಿಗೆ ಬರುತ್ತೇನೆ.

ಶಂಕರಪುರದ ಮಲ್ಲಿಗೆ ನಿಮಗೆ ಹೊಸತಲ್ಲ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯಬೇಕು. ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬದಲಾಗುತ್ತದೆ. ಈ ಹೂ ಮುಂಬೈಗೂ ಹೋಗುತ್ತದೆ, ಗಲ್ಫ್‌ಗೂ ಹೋಗುತ್ತದೆ. ಶಂಕರಪುರದ ಕಡೆ ಹೋಗಿದ್ದಾಗ ಹೂ ಕಟ್ಟುತ್ತಿದ್ದ ಒಬ್ಬ ಅಮ್ಮನ ಹತ್ತಿರ ಕೂತು ಮಾತಾಡಿದ್ದೆ. ವಿಮಾನ ಹತ್ತಿದ್ದೀರಾ ಅಂತ ಕೇಳಿದೆ. "ನಾನೆಲ್ಲಿ ಹತ್ತಲಿ ಮಾರಾಯ್ರೆ, ನನ್ನ ಹೂ ಹತ್ತುತ್ತದೆ" ಅಂದರು. ದುಡ್ಡಿದ್ದವರ ವಿಷಯ ಅಂದಿರಲ್ಲ, ಆ ಅಂಗಳಕ್ಕೆ ಒಮ್ಮೆ ಹೋಗಿ ಬನ್ನಿ.

ಸಣ್ಣ ನಿಲ್ದಾಣದಲ್ಲಿ ಸರಕು ಹೋಗುವುದು ಬಹುಪಾಲು ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲೇ. ಬರೀ ಸರಕಿನದೇ ವಿಮಾನ ನಮ್ಮಂಥ ಕಡೆ ಬರುವುದು ಅಪರೂಪ. ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯಲ್ಲಿ ಅಗಲ ಹೊಟ್ಟೆಯ ದೊಡ್ಡ ವಿಮಾನಗಳ ಓಡಾಟವಿಲ್ಲ. 2010ರ ಮೇ 22ರ ದುರಂತದಲ್ಲಿ 158 ಜನರನ್ನು ಕಳೆದುಕೊಂಡ ಊರು ನಮ್ಮದು. ಆ ರನ್‌ವೇ ವಿಷಯದಲ್ಲಿ ಆತುರ ಪಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಹಾಗಾಗಿ ಇರುವ ವಿಮಾನದಲ್ಲೇ ಜಾಗ ಹುಡುಕಬೇಕು. ಅಲ್ಲಿ ಮೊದಲ ಹಕ್ಕು ಪ್ರಯಾಣಿಕರ ಬ್ಯಾಗಿಗೆ. ಉಳಿದ ಜಾಗದಲ್ಲಿ ಹೂ, ಹಣ್ಣು, ತರಕಾರಿ ಹೋಗಬೇಕು. ರಜೆಯ ದಿನಗಳಲ್ಲಿ ವಿಮಾನ ತುಂಬಿದಷ್ಟೂ ಬಾಕ್ಸ್ ಹಿಂದೆ ಉಳಿಯುವ ಭಯ ಜಾಸ್ತಿ. ಪ್ರಯಾಣಿಕರ ಲೆಕ್ಕ ದಾಖಲೆ ಮಾಡಿದ ತಿಂಗಳು ಬೆಳೆಗಾರನಿಗೆ ಒಳ್ಳೆಯ ತಿಂಗಳಾಗಿರಲೇಬೇಕೆಂದಿಲ್ಲ. ಬರೀ ಪ್ರಯಾಣಿಕರ ಸಂಖ್ಯೆ ನೋಡಿದರೆ ಇದು ಕಾಣುವುದೇ ಇಲ್ಲ.

ಒಂದು ವಿಮಾನ ನಿಂತಿತು ಅಂತಿಟ್ಟುಕೊಳ್ಳಿ. ಬಂಟ್ವಾಳದ ಹುಡುಗ ಕಣ್ಣೂರಿಗೆ ಹೋಗಿ ದುಬೈಗೆ ಹಾರುತ್ತಾನೆ. ತೊಂದರೆ ನಿಜ, ಆದರೆ ತಲುಪುತ್ತಾನೆ. ಮಲ್ಲಿಗೆಗೆ ಅಷ್ಟು ಹೊತ್ತಿಲ್ಲ. ಆ ದಿನದ ಹೂ ಸಿಕ್ಕಿದ ದರಕ್ಕೆ ಇಲ್ಲೇ ಮಾರಾಟವಾಗಬೇಕು. ಆರು ತಿಂಗಳು ಹೀಗೆ ನಡೆದರೆ ಕಾರ್ಗೋ ಏಜೆಂಟರು ಬೇರೆ ದಂಧೆ ನೋಡಿಕೊಳ್ಳುತ್ತಾರೆ, ಕೋಲ್ಡ್ ರೂಮ್ ಖಾಲಿ ಬೀಳುತ್ತದೆ, ಮುಂಬೈ, ಗಲ್ಫ್ ಕಡೆಯ ಅಂಗಡಿಯವನು ಬೇರೆ ಊರಿನ ಹೂ ತರಿಸುತ್ತಾನೆ. ವಿಮಾನ ಮತ್ತೆ ಶುರುವಾದ ವಾರವೇ ಪ್ರಯಾಣಿಕರು ವಾಪಸ್ ಬರುತ್ತಾರೆ. ಕೈತಪ್ಪಿದ ಗಿರಾಕಿ ಅಷ್ಟು ಬೇಗ ಬರುವುದಿಲ್ಲ. ನನ್ನ ಸಿಟ್ಟಿಗೆ ಕಾರಣ ಇದೇ.

ರೈತರ ಬೆಳೆಯನ್ನು ವಿಮಾನದಲ್ಲಿ ಸಾಗಿಸಲು 2020ರ ಕೇಂದ್ರ ಬಜೆಟ್‌ನಲ್ಲಿ ಕೃಷಿ ಉಡಾನ್ ಅಂತ ಘೋಷಿಸಿದಾಗ ನಾನು ತುಂಬಾ ಖುಷಿಪಟ್ಟವನು. ಆ ಹೆಸರಿಗೆ ತಕ್ಕ ಕೆಲಸ ನಮ್ಮ ಕರಾವಳಿಯಲ್ಲಿ ನನಗೆ ಇನ್ನೂ ಕಾಣಿಸಿಲ್ಲ. ರಾಜ್ಯದ ವಿಮಾನ ಸರಕು ಅಂದರೆ ಬೆಂಗಳೂರು ಒಂದೇ ಅನ್ನುವಂತಾಗಿದೆ. 2024-25ರಲ್ಲಿ ಅಲ್ಲಿ 5 ಲಕ್ಷ ಟನ್ ದಾಟಿದೆ. ಸಂತೋಷ. ಆದರೆ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣ 25 ವರ್ಷ ಬರಬಾರದು ಅಂತ ಬರೆದುಕೊಟ್ಟಿದ್ದೇವೆ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ವಿನಾಯಿತಿ ಸಿಕ್ಕ ಮೈಸೂರಿನ ರನ್‌ವೇ ಎಷ್ಟು ಉದ್ದ ಅಂತ ಆಗಲೇ ಹೇಳಿದೆ.

ಕೊಚ್ಚಿಯನ್ನು ನೋಡಿ. 1999ರಲ್ಲಿ ತೆರೆದ ಆ ನಿಲ್ದಾಣಕ್ಕೆ ಹೊರದೇಶಗಳಲ್ಲಿ ದುಡಿಯುವ ಸಾವಿರಾರು ಮಲಯಾಳಿಗಳು ದುಡ್ಡು ಹಾಕಿದ್ದಾರೆ. ನಮ್ಮ ದುಬೈ, ಅಬುಧಾಬಿ, ಮಸ್ಕತ್‌ನ ಸಂಘಗಳಲ್ಲಿ ದುಡ್ಡಿಗೂ ಪ್ರೀತಿಗೂ ಕೊರತೆಯಿಲ್ಲ. ಕೇಳುವವರು ಬೇಕು. ನಮ್ಮಲ್ಲಿ ಚುನಾವಣೆ ಬಂದಾಗ ಇನ್ನೊಂದು ಜಿಲ್ಲೆಗೆ ಹೊಸ ವಿಮಾನ ನಿಲ್ದಾಣದ ಭರವಸೆ ಸಿಗುತ್ತದೆ. ಕಲಬುರಗಿ, ಬೀದರ್, ಶಿವಮೊಗ್ಗ ಆಯಿತು. ವಿಜಯಪುರ, ಹಾಸನ ಸಾಲಿನಲ್ಲಿವೆ. ನನಗೆ ಅದರ ಮೇಲೆ ಕೋಪವಿಲ್ಲ. ಶಿವಮೊಗ್ಗದ ರನ್‌ವೇ 3,200 ಮೀಟರ್, ಮಂಗಳೂರಿಗಿಂತ ಉದ್ದ! ಆದರೆ ಉದ್ಘಾಟನೆಯ ದಿನ ಬಂದವರಲ್ಲಿ ಎಷ್ಟು ಮಂದಿ ಮಲೆನಾಡಿನ ಅನಾನಸು, ಕಾಳುಮೆಣಸು, ಹೂವಿನ ಬಗ್ಗೆ ಕೇಳಿದರು? ಬೀದರ್‌ನಲ್ಲಿ 2020ರಲ್ಲಿ ಶುರುವಾದ ವಿಮಾನ ಮತ್ತೆ ಮತ್ತೆ ನಿಂತಿತು. ಊರಿನವರು ಪ್ರತಿ ಸಲವೂ ಮನವಿ ಹಿಡಿದು ಓಡಾಡಬೇಕಾಯಿತು.

ನಿಮ್ಮಂಥ ಓದುಗರು ಇಳಿದ ವರ್ಷವನ್ನೂ ಗಮನಿಸುತ್ತೀರಿ ಅನ್ನುವುದೇ ನನಗೆ ದೊಡ್ಡ ಧೈರ್ಯ. ಆ ಕಣ್ಣನ್ನು ಸರಕಿನ ಕಡೆಗೂ ಹಾಯಿಸಿ. ಮುಂದಿನ ಸಂಚಿಕೆಗೆ ಇದರ ಬಗ್ಗೆ ಕೆಲವು ಪುಟ ಮೀಸಲಿಡುತ್ತಿದ್ದೇನೆ. ಹೂವು, ಹಣ್ಣು, ತರಕಾರಿಯನ್ನು ವಿಮಾನದಲ್ಲಿ ಕಳಿಸುವವರು, ಕಳಿಸಲು ಹೋಗಿ ಕೈಬಿಟ್ಟವರು ಬರೆಯಿರಿ. ಬಾಕ್ಸ್ ಎಲ್ಲಿ ತುಂಬಿಸುತ್ತೀರಿ, ಕೆ.ಜಿ.ಗೆ ಎಷ್ಟು ಕೊಡುತ್ತೀರಿ, ಯಾವ ದಿನ ಜಾಗ ಸಿಗುವುದಿಲ್ಲ, ಉಳಿದ ಬಾಕ್ಸ್ ಏನಾಗುತ್ತದೆ, ಇಷ್ಟು ತಿಳಿಸಿದರೆ ಸಾಕು. ನೀವೂ ನಿಮ್ಮ ಊರಿನ ಬೆಳೆಗಾರರಿಂದ ಒಂದೆರಡು ಪತ್ರ ಬರೆಸಿ ಕಳಿಸಿ.